ಅಸ್ಮರ್ ಅತ್ತಿಗೆಯ ಒರಳು

ಮೂರು ದಿನದಿಂದ ಅಸ್ಮರ್ ಅತ್ತಿಗೆ ಗೋಧಿ ಕುಟ್ಟುತ್ತಲೇ ಇದ್ದಳು. ಜೆರುಸಲೇಮಿನ ನಮ್ಮ ಕುರ್ದಿ ಯಹೂದಿಗಳ ಓಣಿಯಲ್ಲಿ ಕುಬ್ಬೆ ಉಂಡೆಗೆ ಗೋಧಿ ಕುಟ್ಟುವುದೇನೂ ಹೊಸದಲ್ಲ. ಆದರೆ ಒಳಗೆ ಗಂಡ ಸಾಯಲು ಮಲಗಿರುವಾಗ ಅವನ ಕಿಟಕಿಯ ಕೆಳಗೇ ಒರಳು ಎಳೆದುಕೊಂಡು ಕೂತವಳನ್ನು ನಾನು ಕಂಡಿರಲಿಲ್ಲ.

ಗಂಡ ಜವುಲೂನ್ ನನಗೆ ಅಣ್ಣನ ಸಮಾನ, ಉಳಿ ಹಿಡಿಯಲು ಕಲಿಸಿದವನು. ನಲವತ್ತು ವರ್ಷ ಒಟ್ಟಿಗೆ ಕಲ್ಲು ಕೆತ್ತಿದೆವು. ಆ ಧೂಳೇ ಅವನ ಶ್ವಾಸಕೋಶ ತಿಂದಿತ್ತು. ಒಂದೊಂದು ಉಸಿರನ್ನೂ ಬಾವಿಯಿಂದ ಕೊಡ ಸೇದಿದ ಹಾಗೆ ಎಳೆಯುತ್ತಿದ್ದ. ಗೋಡೆಯಾಚೆ ಕೆಲಸದಂಗಳದಲ್ಲಿ ಕಲ್ಲು ಹೊಡೆಯುತ್ತಿದ್ದ ನನಗೆ, ಎರಡು ಏಟಿನ ನಡುವೆ ಅದು ಕೇಳಿಸುತ್ತಿತ್ತು.

ಮಂಗಳವಾರ ಮಧ್ಯಾಹ್ನ ಅವರ ಮಗ ನಹೂಮ್ ನನ್ನನ್ನು ಕೂಗಿ ಕರೆದ. ಧರ್ಮದ ಪ್ರಶ್ನೆ ಬಂದಾಗ ನಾವೆಲ್ಲ ಓಡುವ ಹಖಾಂ ಸಬ್ತೋ ಹಾಸಿಗೆಯ ಪಕ್ಕ ನಿಂತಿದ್ದರು.

"ಡಾಕ್ಟ್ರು ಒಂದು ಸೂಜಿ ಚುಚ್ಚಿದ್ರೆ ಮುಗೀತದೆ ಹಖಾಂ. ನಾಯಿಗೂ ಇಷ್ಟು ಕಷ್ಟ ಕೊಡಲ್ಲ."

"ನಿಮ್ಮಪ್ಪ ನಾಯಿ ಅಲ್ವಲ್ಲಪ್ಪ. ನೋವಿಗೆ ಔಷಧಿ ಕೇಳು, ನಾನೇ ಓಡಿ ತರ್ತೀನಿ. ಸಾವಿಗೆ ಕೇಳ್ಬೇಡ."

"ದಿಂಬಾದ್ರೂ ತೆಗೀಲಾ? ಗರಿ ತುಂಬಿದ ದಿಂಬಿದ್ರೆ ಜೀವ ಹೋಗಲ್ಲ ಅಂತಾರೆ."

"ಅವನ ತಲೆ ಅಲುಗಿಸಿದ್ರೂ ನೀನೇ ಕೊಲ್ಲೋಕೆ ಕೈ ಹಾಕಿದ ಹಾಗೇ." ಹಖಾಂ ಕಿವಿ ಓರೆ ಮಾಡಿದರು. "ಹೊರಗಿನ ಬಡಿತದ ಸದ್ದು ಹೊರಟ ಜೀವಾನ ಹೋಗಗೊಡದೆ ಹಿಡ್ಕೊಂಡಿದ್ರೆ ಮಾತ್ರ ಅದನ್ನ ನಿಲ್ಲಿಸಬಹುದು. ಅದು ಕೊಲ್ಲೋದಲ್ಲ, ಬಾಗಿಲಿಂದ ಸರಿದು ನಿಲ್ಲೋದು."

ಕಿಟಕಿಯ ಕೆಳಗೆ ಧಪ್, ಧಪ್. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಮ್ಮನಿಗೆ ನೀವೇ ಹೇಳಿ," ಅಂದ ನಹೂಮ್.

"ನಿಲ್ಲಿಸಬಹುದು ಅಂತ ಹೇಳ್ಬಲ್ಲೆ. ನಿಲ್ಲಿಸು ಅಂತ ಹೇಳಲಾರೆ." ಹಖಾಂ ನನ್ನ ಕಡೆ ತಿರುಗಿದರು. "ಮುರ್ದಖ್, ನೀನು ಹೋಗು. ನಿನ್ನ ಮಾತು ಕೇಳ್ತಾಳೆ."

ಕೇಳುವವಳೇ ಅವಳು! ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದೆ, ಮೂರನೇ ಸಲ ಹೊರಗೆ ಹೋಗಿ ಅವಳ ಮುಂದೆ ನಿಂತೆ. ಅವಳ ಹುಬ್ಬಿನ ಮೇಲೆಲ್ಲ ಹಿಟ್ಟು.

"ಅತ್ತಿಗೆ, ಇಷ್ಟು ಗೋಧೀಲಿ ಇಡೀ ಓಣಿಗೆ ಮದುವೆ ಊಟ ಹಾಕಬಹುದು."

"ನಿನಗೇ ಎರಡನೇ ಮದುವೆ ಮಾಡಿಸ್ತೀನಿ. ಸರಿ ಆಚೆ."

"ಹಖಾಂ ಏನಂದ್ರು ಅಂದ್ರೆ..."

"ಕಿಟಕಿ ತೆರೆದೇ ಇದೆ, ಕೇಳಿಸ್ತು. ನಮ್ಮಜ್ಜೀನೂ ಅದನ್ನೇ ಹೇಳ್ತಿದ್ಲು. ಗೊತ್ತಿದ್ದೇ ಕುಟ್ತಿದೀನಿ." ಅವಳ ಮೊಳದುದ್ದದ ಗಿಡ್ಡ ಒನಕೆ ನಿಲ್ಲಲಿಲ್ಲ. "ನಿಲ್ಲಿಸಿದ ಕೂಡ್ಲೇ ಅವನು ಹೋದ್ರೆ ಕೊಂದೋರು ಯಾರು? ಹಖಾಂ ಲೆಕ್ಕದಲ್ಲಿ ಯಾರೂ ಅಲ್ಲ. ನನ್ನ ಪಾಲಿಗೆ?"

"ಅವನಿಗೆ ನೋವಾಗ್ತಿದೆ ಅತ್ತಿಗೆ."

"ಹೌದಾ? ಮತ್ತೆ ನೀನ್ಯಾಕೋ ಮೂರು ದಿನದಿಂದ ಹೊಡೀತಿದೀಯ? ಯಾರು ಕೇಳಿದ್ರು ಆ ಕಲ್ಲು?"

ಉಳಿ ಇನ್ನೂ ನನ್ನ ಕೈಯಲ್ಲೇ ಇತ್ತು. ಆ ಕಲ್ಲನ್ನು ಯಾರೂ ಕೇಳಿರಲಿಲ್ಲ. ಹೊಸ್ತಿಲಿನಷ್ಟಿದ್ದದ್ದು ರೊಟ್ಟಿಯಷ್ಟಾಗಿತ್ತು.

"ನೀನು ಮೊದಲು ಕೆಳಗಿಡು," ಅಂದಳು.

"ನೀನಿಡು."

ಇನ್ನೂ ನಾಲ್ಕು ಏಟು ಬಿದ್ದವು. ಆಮೇಲೆ ಅವಳು ಒನಕೆಯನ್ನು ಗೋಡೆಗೆ ಒರಗಿಸಿದಳು, ನಾನು ಉಳಿಯನ್ನು ಒರಳಿನ ಅಂಚಿಗಿಟ್ಟೆ. ಸದ್ದಡಗಿದ್ದೇ ಒಳಗಿನ ಉಸಿರು ಓಣಿಗೇ ಕೇಳುವಷ್ಟು ದೊಡ್ಡದಾಯಿತು.

ಅವಳು ಒಳಗೆ ಹೋಗಿ ಅವನ ಪಕ್ಕ ಕೂತಳು. ಮುಟ್ಟಲಿಲ್ಲ. ಒಂದು ಗಂಟೆಯಾದರೂ ಉಸಿರು ನಡೆದೇ ಇತ್ತು. ಅತ್ತಿಗೆ ಎರಡು ಸಲ ಕಿಟಕಿಗೆ ಬಂದು ಒನಕೆ ನೋಡಿದಳು. ಎರಡನೇ ಸಲ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ನನ್ನ ಕೈಯೂ ಉಳಿಗಾಗಿ ತಡಕಾಡುತ್ತಿತ್ತು. ಸಂಜೆಯ ಪ್ರಾರ್ಥನೆಗೆ ಜನ ಹೊರಡುವ ಹೊತ್ತಿಗೆ ಜವುಲೂನ್ ಕೊನೆಯ ಕೊಡ ಸೇದಿದ.

ಸೂತಕದ ಏಳು ದಿನ ನನ್ನ ಹೆಂಡತಿ ಅದೇ ಗೋಧಿಯಲ್ಲಿ ಕುಬ್ಬೆ ಮಾಡಿ ಬಂದವರಿಗೆಲ್ಲ ಬಡಿಸಿದಳು. ನೆಲದ ಮೇಲೆ ಕೂತಿದ್ದ ಅತ್ತಿಗೆ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ಗೋಧಿ ಸಣ್ಣಗಾಗಿದೆಯೇನೋ?"

"ಇನ್ನೊಂದು ಚೂರು ಕುಟ್ಟಬೇಕಿತ್ತು ಅತ್ತಿಗೆ."

"ಬಾಯ್ಮುಚ್ಕೊಂಡು ತಿನ್ನೋ," ಅಂದಳು. ಅವಳ ಬಲಗೈ ಮಾತ್ರ ಮಂಡಿಯ ಮೇಲೆ ಎದ್ದು ಬೀಳುತ್ತಲೇ ಇತ್ತು.