ಹೊಟ್ಟೆಯ ಚರ್ಮದ ಕೈ

ಹಳ್ಳಿಮೈಸೂರಿನ ಮಂಚಯ್ಯನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವುದು ಹೆಂಡತಿ ಮಲ್ಲಿಗಮ್ಮನ ಕೆಲಸ, ಎತ್ತು ಹೊಡೆಯುವುದು ಅವನದು. ಎರಡನೇ ಮಹಾಯುದ್ಧ ಮುಗಿದ ವರ್ಷದ ಮಾಗಿಯಲ್ಲಿ ಒಂದು ಬೆಳಿಗ್ಗೆ ಕಬ್ಬಿನ ಜೊತೆ ಅವಳ ಬಲಗೈಯೂ ಗಾಣಕ್ಕೆ ಸಿಕ್ಕಿಕೊಂಡಿತು. ಕೂಗು ಕೇಳಿದ ಮಂಚಯ್ಯ ಎತ್ತುಗಳನ್ನು ಹಿಂದಕ್ಕೆ ತಳ್ಳಿ ಕೈ ಬಿಡಿಸಿದ. ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಚರ್ಮ ಸುಲಿದುಹೋಗಿ ಒಳಗಿನ ನರ ಕಾಣುತ್ತಿತ್ತು.

ಗಾಡಿಯಲ್ಲಿ ಹೊಳೆನರಸೀಪುರ, ಅಲ್ಲಿಂದ ರೈಲಿನಲ್ಲಿ ಹಾಸನ. ಪಂಚೆಯಲ್ಲಿ ಸುತ್ತಿದ ಆ ಕೈ ದಾರಿಯುದ್ದಕ್ಕೂ ಅವನ ತೊಡೆಯ ಮೇಲಿತ್ತು. ಕೈ ತೆಗೆಯಬೇಕಾದೀತೆಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಆದರೆ ಬರ್ಮಾ ಯುದ್ಧದಿಂದ ಮರಳಿದ್ದ ಡಾಕ್ಟರ್ ಷಡಕ್ಷರಿ ಗಾಯ ತೊಳೆದು ನೋಡಿ ಬೇರೆಯೇ ಹೇಳಿದರು. ಹೊಟ್ಟೆಯ ಚರ್ಮದ ಒಂದು ತುಂಡನ್ನು ಮೂರು ಬದಿ ಬಿಡಿಸಿ, ನಾಲ್ಕನೆಯ ಬದಿ ಹೊಟ್ಟೆಗೇ ಬಿಟ್ಟು, ಕೈಗೆ ಹೊಲಿಯುವುದು. ಅದು ಕೈಗೆ ಹತ್ತಿಕೊಳ್ಳುವವರೆಗೆ ಮೂರು ವಾರ ಕೈ ಹೊಟ್ಟೆಗೇ ಅಂಟಿಕೊಂಡಿರಬೇಕು.

“ಕೈಯ ಒಟ್ಟೆಗೆ ಒಲೀತೀರಾ ಸಾ?” ಮಂಚಯ್ಯ ಕೇಳಿದ.

“ಒಲೀಲಿ, ಸುಮ್ಕಿರಿ. ಕಡ್ಯೋದ್ಕಿಂತ ವಾಸಿ ಅಲ್ವಾ?” ಅಂದಳು ಮಲ್ಲಿಗಮ್ಮ.

ಬಲಗೈ ಹೊಟ್ಟೆಗೆ ಹೊಲಿದ ಮೇಲೆ ಎಡಗೈಯಲ್ಲಿ ಉಣ್ಣಲು ಅವಳಿಗೆ ಮನಸ್ಸಾಗಲಿಲ್ಲ. ಮಂಚಯ್ಯ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಹನ್ನೊಂದು ವರ್ಷದ ಸಂಸಾರದಲ್ಲಿ ಇದೇ ಮೊದಲು, ಇಬ್ಬರಿಗೂ ನಾಚಿಕೆ. ತಲೆ ಬಾಚಿ ಜಡೆಯನ್ನೂ ಹಾಕಿದ. ಪಕ್ಕದ ಹಾಸಿಗೆಯ ಸುಬ್ಬಮ್ಮ, “ಅಣ್ಣೋ, ಇದೇನು ಜಡೇನೋ ಎತ್ತಿನ್ ಅಗ್ಗಾನೋ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದು ಮಧ್ಯಾಹ್ನ ಅವನು ತಲೆ ತಗ್ಗಿಸಿ, “ಎತ್ತ ಅಷ್ಟು ಬಿರ್ರನೆ ಒಡೀಬಾರ್ದಾಗಿತ್ತು ಕಣಮ್ಮಿ,” ಅಂದ.

“ನೀವು ಇಂದಕ್ ತಳ್ಳಿದ್ಕೇ ಕೈ ಉಳೀತು. ಅದ ಯೋಳಿ,” ಅಂದಳು ಅವಳು.

ಮೂರು ವಾರಕ್ಕೆ ಡಾಕ್ಟರು ಕೈಯನ್ನು ಹೊಟ್ಟೆಯಿಂದ ಬಿಡಿಸಿದರು. ಎರಡು ಬೆರಳು ಕೊನೆಗೂ ಮಡಿಸಲು ಬರಲಿಲ್ಲ. ಆದರೆ ಅವರು ಹೇಳಿಕೊಟ್ಟಂತೆ ದಿನವೂ ಬಟ್ಟೆಯುಂಡೆ ಹಿಚುಕಿ ಹಿಚುಕಿ, ಶ್ರಾವಣದ ಹೊತ್ತಿಗೆ ಮಲ್ಲಿಗಮ್ಮ ಸೌಟು ಹಿಡಿದಳು, ಕಳೆಯನ್ನೂ ಕಿತ್ತಳು.

ಮರುವರ್ಷ ಕೈಗೆ ಹೊಲಿದ ಚರ್ಮ ಯಾಕೋ ಊದಿಕೊಳ್ಳುತ್ತ ಬಂತು. ಗಾಬರಿಯಾಗಿ ಇಬ್ಬರೂ ಹಾಸನಕ್ಕೆ ಓಡಿದರು. ಡಾಕ್ಟರು ಒತ್ತಿ ನೋಡಿ, “ಊತ ಅಲ್ಲಮ್ಮ, ಕೊಬ್ಬು. ಹೊಟ್ಟೆ ಚರ್ಮ ತಾನೆ? ನೀನು ಮೈ ತುಂಬಿಕೊಂಡರೆ ಅದೂ ತುಂಬಿಕೊಳ್ಳುತ್ತೆ,” ಎಂದು ನಕ್ಕರು.

ಸ್ಟೇಷನ್ನಿನ ದಾರಿಯಲ್ಲಿ ಮಂಚಯ್ಯ, ಯಾರಾದರೂ ನೋಡಿಯಾರೆಂಬ ಅಂಜಿಕೆಯಿಲ್ಲದೆ ಆ ಕೈ ಹಿಡಿದುಕೊಂಡ. “ಇನ್ ನಿನ್ನ ಉಂಡ್ಯಾ ಅಂತ ಕೇಳಾಂಗಿಲ್ಲ ಬುಡು. ಕೈ ನೋಡಿದ್ರೆ ಗೊತ್ತಾಯ್ತದೆ!”