ಅಪ್ಪ ನಿಜವಾಗಿ ಸೋತ ದಿನ

ಕ್ಷೌರದಂಗಡಿಯವನ ಮಗಳು ಚೂಟಿ ಪಕ್ಕದ ಮನೆಯ ಹುಡುಗಿಯ ಕೇರಂ ಬೋರ್ಡನ್ನು ಮಗುಚಿ ಹಾಕಿ ಬಂದಿದ್ದಳು. ಕಾರಣ ಇಷ್ಟೇ, ಸೋತಿದ್ದಳು. "ಸೋಲೋಕೆ ಬರದವಳು ಆಡೋಕೂ ಬರಬೇಡ" ಎಂದು ಮಕ್ಕಳೆಲ್ಲ ಸೇರಿ ಅವಳನ್ನು ಹೊರಗೆ ಕಳಿಸಿ ಕದ ಹಾಕಿಕೊಂಡಿದ್ದರು. ಇರುವವಳು ಒಬ್ಬಳೇ ಮಗಳು, ಅವಳಿಗೆ ಆಟಕ್ಕೆ ಜೊತೆಯೇ ಇಲ್ಲದಂತಾದರೆ ಗತಿಯೇನು? ಅಪ್ಪ ಬೈಯಲು ಬಾಯಿ ತೆರೆದ.

"ಅವಳನ್ನೇನೋ ಬೈತೀಯ?" ಎಂದಳು ಅವನ ತಾಯಿ. "ದಿನಾ ಬೇಕಂತ ಸೋತು ಸೋತು ತಲೆ ಮೇಲೆ ಕೂರಿಸ್ಕೊಂಡವನು ನೀನು. ಸೋಲು ಅಂದ್ರೇನು ಅಂತ ಆ ಮಗುಗೆ ಹೇಗೆ ಗೊತ್ತಾಗ್ಬೇಕು?"

ಮಾತು ನಾಟಿತು. ಅಂಗಡಿಗೆ ಹೇಗೂ ರಜೆ. ಗಿರಾಕಿಗಳ ಕುತ್ತಿಗೆಗೆ ಹಚ್ಚುವ ಪೌಡರನ್ನೇ ತಂದು ಮನೆಯ ಬೋರ್ಡಿನ ಮೇಲೆ ಉದುರಿಸಿ ಅಪ್ಪ ತೋಳೇರಿಸಿದ.

"ಇವತ್ತು ಬಿಟ್ಟುಕೊಡಲ್ಲ. ಸೋತವರು ಕೈ ಕುಲುಕಿಯೇ ಏಳಬೇಕು. ಒಪ್ಪಿಗೇನಾ?"

"ಹೂಂ, ನೀನು ಯಾವತ್ತು ಗೆದ್ದಿದ್ದೀಯ!" ಚೂಟಿ ಕಿಸಕ್ಕನೆ ನಕ್ಕಳು.

ಮೊದಲ ಆಟ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದೇಹೋಯಿತು. ಅಪ್ಪನ ಕಾಯಿಗಳು ಟಕಟಕನೆ ತೂತಿಗೆ ಬಿದ್ದವು.

"ಅಂದ್ರೆ ಇಷ್ಟು ದಿನ ನಾನು ಗೆದ್ದಿದ್ದೆಲ್ಲ ಸುಳ್ಳಾ?" ಚೂಟಿಯ ಕಣ್ಣು ತುಂಬಿತು. ಕೈ ಬೋರ್ಡಿನ ಅಂಚಿಗೆ ಹೋಯಿತು. ಅಪ್ಪ ತಡೆಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಬೋರ್ಡು ಮೇಲೇಳಲಿಲ್ಲ. ಅವಳು ಮೂಗೊರೆಸಿಕೊಂಡು, ಮುಖ ಗಂಟಿಕ್ಕಿಕೊಂಡೇ ಕೈ ಚಾಚಿದಳು.

"ಇನ್ನೊಂದಾಟ!"

ಅದನ್ನೂ ಸೋತಳು, ಆದರೆ ಕೂದಲೆಳೆಯಲ್ಲಿ. ಮತ್ತೊಂದಕ್ಕೆ ಕೂತಾಗ ಹುಡುಗಿಯ ನಾಲಿಗೆ ಹೊರಗೆ, ಕಣ್ಣು ಕಾಯಿಯ ಮೇಲೆ. ಅಬ್ಬಾ, ಏನು ಆಟ ಅದು! ಒಲೆ ಆರಿಸಿ ಬಂದ ಅಜ್ಜಿ ನಿಂತೇ ನೋಡಿದಳು. ಕೆಂಪು ಕಾಯಿ ಚೂಟಿಯ ಪಾಲಾಯಿತು. ಕೊನೆಗೆ ಇಬ್ಬರದೂ ಒಂದೊಂದೇ ಕಾಯಿ. ಅಪ್ಪನದು ತೂತಿನ ಬಾಯಿಗೆ ಹೋಗಿ ನಿಂತೇಬಿಟ್ಟಿತು. ಚೂಟಿ ಉಸಿರು ಬಿಗಿಹಿಡಿದು ಹೊಡೆದಳು. ಸ್ಟ್ರೈಕರ್ ಎದುರಿನ ಅಂಚಿಗೆ ಬಡಿದು, ವಾಪಸು ಬಂದು, ಅವಳ ಕಾಯಿಯನ್ನು ತೂತಿಗೆ ತಳ್ಳಿತು.

"ಫೌಲ್!" ಅಪ್ಪ ಎದ್ದು ಕೂಗಿದ. "ಕೈ ಗೆರೆ ದಾಟ್ತು! ನಾನು ಒಪ್ಪಲ್ಲ!"

"ಎಲ್ಲೋ ದಾಟ್ತು?" ಅಜ್ಜಿ ಗದರಿದಳು. "ಕೂತ್ಕೊಳ್ಳೋ! ನಾನೇ ಕಣ್ಣಾರೆ ನೋಡಿದೀನಿ."

ಅಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಚೂಟಿ ಅವನನ್ನೇ ದಿಟ್ಟಿಸಿ, ಒಮ್ಮೆಲೇ ಚಂಗನೆ ಹಾರಿದಳು.

"ಅಜ್ಜೀ, ಅಪ್ಪ ಜಗಳಕ್ಕೇ ಬಂದ! ಅಂದ್ರೆ ನಿಜವಾಗ್ಲೂ ಸೋತ!"

ಅಪ್ಪ ಹೊಟ್ಟೆ ಹಿಡಿದು ನಕ್ಕು ಕೈ ಕುಲುಕಿದ. ಸೋತು ಇಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ. ಅಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿಕೊಂಡಿದ್ದಳು.

"ಎಲ್ಲಿಗೇ?"

"ಪಕ್ಕದ್ಮನೆಗೆ. ಅವಳು ಗೆದ್ದಿದ್ದೂ ನಿಜಾನೇ ಅಲ್ವಾ, ಹೇಳ್ಬಿಟ್ಟು ಬರ್ತೀನಿ."