ಜೊಲ್ಲು ಸುರಿಸಿದ ಬೈರ

ಸೋಲದೇವನಹಳ್ಳಿಯ ಸೊಣ್ಣಮ್ಮನ ಮನೆಯಲ್ಲಿ ಬೈರ ಇಬ್ಬರು. ಒಬ್ಬ ಮಗ, ಇನ್ನೊಬ್ಬ ಗಾಡಿ ಎಳೆಯುವ ಎತ್ತು. ಮನೆದೇವರ ಹೆಸರನ್ನೇ ಇಬ್ಬರಿಗೂ ಇಟ್ಟಿದ್ದರು. ಮಗ ಬೆಳೆದ ಮೇಲೆ ಊರವರ ಬಾಯಲ್ಲಿ ಬೈರಣ್ಣನಾದ. ಎತ್ತು ಬೈರನಾಗಿಯೇ ಉಳಿಯಿತು. ಎತ್ತನ್ನು 'ಅದು' ಎಂದವರನ್ನು ಸೊಣ್ಣಮ್ಮ ಸುಮ್ಮನೆ ಬಿಡುತ್ತಿರಲಿಲ್ಲ.

೧೯೬೧ರ ಚಳಿಗಾಲದಲ್ಲಿ ಯಲಹಂಕದ ಚಿಕ್ಕಮಾರಯ್ಯ ತನ್ನ ಮಗಳನ್ನು ಬೈರಣ್ಣನಿಗೆ ಕೊಡುವ ಮಾತು ಮುಗಿಸಲು ಬಂದ. ತಾಂಬೂಲ ಬದಲಾಗುವುದೊಂದೇ ಬಾಕಿ. ದಾರಿಯಲ್ಲಿ ರಾಗಿ ಕೇರುತ್ತಿದ್ದ ಪಕ್ಕದ ಮನೆಯ ಮಾರಕ್ಕ ಸಿಕ್ಕಳು.

"ಏನಮ್ಮಾ, ಸೊಣ್ಣಮ್ಮನ ಮನೆ ಬೈರ ಎಂಗವ್ನೆ?"

"ಏನೇಳ್ಲಿ ಯಜಮಾನ್ರೇ! ಒಂದೇ ಸಮ ಜೊಲ್ಲು ಸುರಿಸ್ತಾವ್ನೆ. ಯಾರ ಮನೆ ಕಡೀಕೂ ಬುಡ್ಬ್ಯಾಡಿ ಅಂತ ನಾವೇ ಏಳಿ ಕಟ್ಟಾಕ್ಸಿದೀವಿ."

"ಕಟ್ಟಾಕೋ ಮಟ್ಟಕ್ಕಾ?"

"ಮತ್ತೇನ್ ಮಾಡಾದು? ನಮ್ಮನೇಲೂ ಚಿಕ್ಕವು ಅವಲ್ಲಾ."

ಆ ಕಡೆ ಕೂಸು ಜೊಲ್ಲು ಸುರಿಸಿದರೆ ಹಲ್ಲು ಬರುತ್ತಿದೆ ಎಂದರ್ಥ, ದನ ಸುರಿಸಿದರೆ ಕಾಲುಬಾಯಿ ಜ್ವರ. ಮದುವೆ ವಯಸ್ಸಿನ ಗಂಡು ಸುರಿಸಿದರೆ ಅವನು ಹೆಂಗಸರ ಹಿಂದೆ ಬಿದ್ದವನು. ಚಿಕ್ಕಮಾರಯ್ಯ ತಿಳಿದದ್ದು ಕೊನೆಯದನ್ನು.

ಸೊಣ್ಣಮ್ಮ ಕೊಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ.

"ಈ ಸಂಬಂಧ ಬ್ಯಾಡಕ್ಕಾ."

"ಯಾಕಣ್ಣಾ, ಏನಾಯ್ತು?"

"ನಿಮ್ ಬೈರ ಜೊಲ್ಲು ಸುರಿಸ್ತಾವ್ನಂತೆ. ಊರೇ ಏಳ್ತೈತೆ."

ಸೊಣ್ಣಮ್ಮನಿಗೆ ತಕ್ಷಣ ಅರ್ಥವಾಯಿತು. ಆದರೂ ಯಾವ ಬೈರ ಎಂದು ಬಿಡಿಸಿ ಹೇಳಲಿಲ್ಲ. ಚಿಕ್ಕಮಾರಯ್ಯನ ಮನೆ ನಡೆಯುತ್ತಿದ್ದುದು ಹಾಲು ಮಾರಿ. ಎತ್ತಿಗೆ ಬಂದ ಈ ಜ್ವರ ಮೆಟ್ಟಿಗೆ ಅಂಟಿಕೊಂಡೂ ಊರು ದಾಟುತ್ತದೆ. ತಾಂಬೂಲ ಮುಂದಕ್ಕೆ ಹೋದರೆ ಸಂಬಂಧ ಕೈತಪ್ಪೀತೆಂದು ಅವಳು ಎತ್ತಿನ ಸುದ್ದಿ ಹೇಳಿ ಕಳಿಸಿರಲಿಲ್ಲ. ಮಗನ ಹೆಸರು ಉಳಿಸಲು ಹೋದರೆ ಈಗ ಅದು ಹೊರಬೀಳುತ್ತದೆ.

ಮೂಲೆಯಲ್ಲಿ ಕೂತಿದ್ದ ಬೈರಣ್ಣ ಎದ್ದ. "ಮಾವ, ಇಂಗ್ ಬನ್ನಿ."

ಕೊಟ್ಟಿಗೆಯ ಬಾಗಿಲಿಗೆ ತೋಳು ಅಡ್ಡ ಇಟ್ಟ. "ಒಳೀಕ್ ಬರ್ಬ್ಯಾಡಿ, ಅಲ್ಲಿಂದ್ಲೇ ನೋಡಿ. ಜೊಲ್ಲು ಸುರಿಸ್ತಿರೋ ಬೈರ ಇವ್ನು."

ಎತ್ತು ಕಾಲುಗಳನ್ನು ಎತ್ತಿ ಎತ್ತಿ ಇಡುತ್ತಿತ್ತು. ಬಾಯಿಂದ ಜೊಲ್ಲು ಎಳೆಎಳೆಯಾಗಿ ನೆಲದವರೆಗೆ ಇಳಿದಿತ್ತು. ಚಿಕ್ಕಮಾರಯ್ಯ ಗಟ್ಟಿಯಾಗಿ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಕಾಲುಬಾಯಿ ಜ್ವರ! ಇದನ್ನ ಇಟ್ಕಂಡು ನನ್ನ ಕರೆಸಿದ್ರಾ?"

"ಅವ್ವಂಗೆ ಭಯ. ನಾನೂ ಸುಮ್ಕಿದ್ದೆ. ತಪ್ಪು ಇಬ್ರದೂವೆ."

"ಲೋ, ನೀನು ಜೊಲ್ಲನಾಗಿದ್ರೆ ನನ್ ಮಗಳು ಒಬ್ಳು ಅಳ್ತಿದ್ಲು. ಈಗ ನನ್ ಕೊಟ್ಟಿಗೇನೇ ಅಳ್ಬೇಕಲ್ಲೋ!"

ಅಂಗಳಕ್ಕೆ ಬಂದು ಪಂಚೆ ಎತ್ತಿ ಕಟ್ಟಿದ. ಬಟ್ಟೆ ಒಗೆಯುವ ಸೋಡಾ ಕಲಸಿದ ನೀರು ತರಿಸಿ ಮೊಣಕಾಲವರೆಗೆ ತೊಳೆದುಕೊಂಡ. ಮೆಟ್ಟುಗಳನ್ನು ಕಾಲಿಗೆ ಹಾಕಲಿಲ್ಲ.

ಸೊಣ್ಣಮ್ಮ ಆರಿದ ಕಾಫಿ ಹಿಡಿದು ನಿಂತಿದ್ದಳು.

"ಮೆಟ್ಟು ಬಿಸಿಲಲ್ಲೇ ಇರ್ಲಿ," ಎಂದ ಚಿಕ್ಕಮಾರಯ್ಯ. "ಜೊಲ್ಲು ನಿಂತ್ ಮೇಲೆ ಏಳಿ ಕಳ್ಸಿ, ತಾಂಬೂಲಕ್ಕೆ ಬಂದಾಗ ಮೆಟ್ಕಂಡೋಯ್ತೀನಿ. ಎತ್ತಿನ ಜೊಲ್ಲು ಕಣಕ್ಕಾ. ಉಡ್ಗನ್ನ ನೋಡಿದ್ದಾಯ್ತು."

ಬರಿಗಾಲಲ್ಲಿ ಹೆಸರಘಟ್ಟ ರಸ್ತೆಯ ಕಡೆ ನಡೆದ. ನಾಯಿ ಕಚ್ಚಿಕೊಂಡು ಹೋಗದಂತೆ ಸೊಣ್ಣಮ್ಮ ಮೆಟ್ಟುಗಳನ್ನು ಚಪ್ಪರದ ಮೇಲೆ, ಬಿಸಿಲು ಬೀಳುವ ಕಡೆ ಇಟ್ಟಳು.